ಕಾಲು ಮುಂದಾಗಿ ಹುಟ್ಟಿದವಳಿಗೆ

ನನ್ನ ದೊಡ್ಡವ್ವ,

ನಾನು, ನಿನ್ನ ಮಾದೇವ. ನಿನಗೆ ಓದಲು ಬರುತ್ತಿರಲಿಲ್ಲ, ನೀನು ಇದ್ದಾಗ ನಾನು ನಿನಗೊಂದು ಕಾಗದ ಬರೆದವನೂ ಅಲ್ಲ. ಬರೆಯುವ ಅಗತ್ಯವಾದರೂ ಏನಿತ್ತು? ನಂಜನಗೂಡಿನಿಂದ ಟೆಂಪೊ ತಿರುಗಿಸಿಕೊಂಡು ಬಿಳಿಗೆರೆ ದಾಟಿದರೆ ನಮ್ಮೂರು, ಊರ ಬಾಯಲ್ಲೇ ನಿನ್ನ ಮನೆ, ಮನೆಯ ಜಗುಲಿಯ ಮೇಲೆ ನೀನು. ಹಾರ್ನ್ ಹೊಡೆದರೆ ಸಾಕು, "ಬಂದ್ನಪ್ಪ ಬಾಳೇಕಾಯಿ ದೊರೆ" ಎನ್ನುತ್ತ ಮುದ್ದೆ ಕಟ್ಟಲು ಏಳುತ್ತಿದ್ದೆ. ಈಗ ಎಲ್ಲಿ ನಿಂತು ಹಾರ್ನ್ ಹೊಡೆಯಲಿ? ಅದಕ್ಕೇ ಬರೆಯುತ್ತಿದ್ದೇನೆ. ಅಲ್ಲಿ ಓದು ಬಲ್ಲವರು ಯಾರಾದರೂ ಇದ್ದೇ ಇರುತ್ತಾರೆ, ಓದಿಸಿಕೋ. ನಡುನಡುವೆ ಹೂಂಗುಟ್ಟುವುದನ್ನು ಮಾತ್ರ ಮರೆಯಬೇಡ. "ಕೇಳೋರು ಹೂಂ ಅನ್ದೇ ಇದ್ರೆ ಕತೆ ದಾರಿ ತಪ್ಪಿ ಪಕ್ಕದ ಮನೆಗೆ ಓಯ್ತದೆ ಕಣ್ಲಾ" ಎಂದು ಹೇಳಿಕೊಟ್ಟವಳು ನೀನೇ ತಾನೆ?

ಮೊದಲು ನೆನಪಾಗುವುದು ಅಮಾವಾಸ್ಯೆಯ ಬೆಳಗು. ಬಿಸಿಲು ಬೀಳುವ ಮೊದಲೇ ಜಗುಲಿಯ ಕೆಳಗೆ ಜನ ಬಂದು ಕೂತಿರುತ್ತಿದ್ದರು. ಸೊಂಟ ಹಿಡಿದುಕೊಂಡವರು, ಮೂಟೆ ಎತ್ತಿ ಉಳುಕಿಸಿಕೊಂಡವರು, ನಾಟಿ ಮಾಡಿ ಬಗ್ಗಿದ ಬೆನ್ನು ನೆಟ್ಟಗಾಗದವರು. ನೀನು ಹುಟ್ಟುವಾಗ ತಲೆಗಿಂತ ಮೊದಲು ಎಡಗಾಲು ಚಾಚಿಕೊಂಡು ಬಂದೆಯಂತೆ. ಕಾಲು ಮುಂದಾಗಿ ಹುಟ್ಟಿದವರು ತುಳಿದರೆ ಸೊಂಟದ ನೋವು ಹೋಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಹೆರುವಾಗ ನಿನ್ನವ್ವ ಪಟ್ಟ ಕಷ್ಟ ಹೀಗೆ ಊರಿಗೆಲ್ಲ ಮದ್ದಾಯಿತು. ಬಂದವರು ಜಗುಲಿಯ ಮೇಲೆ ಬೋರಲು ಮಲಗುತ್ತಿದ್ದರು. ನೀನು ಎಡಗಾಲು ತೊಳೆದುಕೊಂಡು, ಗೋಡೆ ಹಿಡಿದು, ಅವರ ಸೊಂಟದ ಮೇಲೆ ಮೂರು ಸಲ ಒತ್ತುತ್ತಿದ್ದೆ. ಚಿಕ್ಕಯ್ಯನಛತ್ರದ ಆ ಬೆಲ್ಲದ ವ್ಯಾಪಾರಿ ಶೆಟ್ಟರು ನೆನಪಿದ್ದಾರಾ, ನಿನ್ನ ಕಾಲು ತಗಲುವ ಮೊದಲೇ ಕಿರುಚುತ್ತಿದ್ದರಲ್ಲ?

"ಮೆಲ್ಲುಗೆ ಕಣವ್ವೋ, ಜೀವ ಓಯ್ತದೆ!"

"ನಾನೇನ್ ನಿಮ್ಮ ಮೇಲೆ ಉಳ್ಳಿಕಾಳು ಕಣ ಮಾಡ್ತಿದ್ದೀನಾ? ಸುಮ್ನೆ ಮನೀಕಳಿ ಶೆಟ್ರೆ. ಬೆಲ್ಲದಚ್ಚಿಗಿಂತ ಮೆತ್ತಗವ್ರೆ, ಅರಚದ್ ಮಾತ್ರ ಗಾಣದಂಗೆ."

ತುಳಿಸಿಕೊಂಡವರಿಗೆ ನೀನು ಹಾಕುತ್ತಿದ್ದ ಕಟ್ಟಳೆಗಳು ಈಗಲೂ ನನಗೆ ಬಾಯಿಪಾಠ. ಎದ್ದು ನೆಟ್ಟಗೆ ನಡೆದು ಹೋಗಬೇಕು. ತಿರುಗಿ ನೋಡಬಾರದು, ನೋಡಿದರೆ ನೋವು ಹಿಂದೆಯೇ ಬರುತ್ತದೆ. ಉಪಕಾರವಾಯಿತು ಎನ್ನಬಾರದು, ಅಂದರೆ ಕಾಲಿನ ಗುಣ ಕೆಡುತ್ತದೆ. ಅಮಾವಾಸ್ಯೆಗೆ ತುಳಿಸಿಕೊಂಡರೆ ಹುಣ್ಣಿಮೆ ಕಳೆಯುವವರೆಗೆ ಬೇರೆ ಯಾವ ಮದ್ದನ್ನೂ ಮುಟ್ಟಬಾರದು. ಬಾಳೆಗೊನೆ ಹೊತ್ತು ನನ್ನ ಸೊಂಟವೂ ಎಷ್ಟು ಸಲ ಹಿಡಿದಿಲ್ಲ! ನಿನ್ನ ಹಿಮ್ಮಡಿಯ ಬಿರುಕು ಬೆನ್ನಿಗೆ ತಗಲುವುದು, ಒದ್ದೆ ಕಾಲಿನ ತಂಪು, ಆಮೇಲೆ ಅದರ ಕೆಳಗಿಂದ ನಿಧಾನವಾಗಿ ಏಳುವ ಬಿಸಿ. ನಾನು ಎದ್ದು ಬೀದಿ ತಿರುವಿನವರೆಗೂ ಕತ್ತು ಹೊರಳಿಸದೆ ನಡೆದು, ಅಲ್ಲಿಂದ ಹಿತ್ತಲಿನ ದಾರಿಯಲ್ಲಿ ಸುತ್ತಿ ಬಂದು, ಏನೂ ಆಗದವನ ಹಾಗೆ ನಿನ್ನ ಅಡುಗೆಮನೆಯಲ್ಲಿ ಕೂರುತ್ತಿದ್ದೆ. ಹೆತ್ತವ್ವ ಹೋದ ಮೇಲೆ ನಿನ್ನ ಮಡಿಲಲ್ಲೇ ಬೆಳೆದವನು ನಾನು, ಇನ್ನೆಲ್ಲಿಗೆ ಹೋಗಲಿ?

ಆ ಸಂಕ್ರಾಂತಿ ಕಳೆದ ಮೇಲೆ ನೀನು ಬಚ್ಚಲೊಲೆಯ ಹಂಡೆ ಎತ್ತಲು ಬಗ್ಗಿದೆ. ನಾನು ಹೊರಗೆ ಟೆಂಪೊ ಒರೆಸುತ್ತಿದ್ದೆ. ಹಂಡೆ ಬಿದ್ದ ಸದ್ದು ಕೇಳಿ ಓಡಿ ಬಂದರೆ ನೀನು ಒದ್ದೆ ನೆಲದ ಮೇಲೆ ಕೈಯೂರಿ ಹಾಗೇ ನಿಂತಿದ್ದೆ, ಮೇಲಕ್ಕೂ ಏಳಲಾರದೆ, ಕೆಳಕ್ಕೂ ಕೂರಲಾರದೆ. "ಒಳಗೇನೋ ಟಣ್ ಅಂತು ಕಣ್ಲಾ" ಎಂದೆ. ಅಂದಿನಿಂದ ನೋವು ಸೊಂಟದಲ್ಲಿ ಹುಟ್ಟಿ, ತೊಡೆಯ ಹಿಂದೆ ಇಳಿದು, ಮೀನಖಂಡ ಸುತ್ತಿಕೊಂಡು, ಎಡಗಾಲಿನ ಹೆಬ್ಬೆರಳಿಗೆ ಬಂದು ನಿಲ್ಲುತ್ತಿತ್ತು. ಸೀನಿದರೆ ಕಾಲಿಗೆ ಮಿಂಚು ಹೊಡೆದ ಹಾಗೆ. ಊರಿನ ಸೊಂಟಗಳನ್ನೆಲ್ಲ ನೆಟ್ಟಗೆ ಮಾಡಿದ ಎಡಗಾಲು ಅದು. ಅದಕ್ಕೇ ಹೀಗೆ ಆಗಬೇಕಿತ್ತಾ?

ನಂಜನಗೂಡಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಎಕ್ಸ್‌ರೇ ತೆಗೆಸಿ, ಬೆಳಕಿಗೆ ಹಿಡಿದು, "ಮೂಳೆ ಮುರಿದಿಲ್ಲ, ಸರಿದಿಲ್ಲ. ಆದರೆ ನೋವು ಕಾಲಿಗೆ ಇಳೀತಿದೆ, ನರ ಒತ್ತಿರಬಹುದು. ಎಕ್ಸ್‌ರೇಲಿ ಅದು ಕಾಣಲ್ಲ. ಮಾತ್ರೆಗೆ ಬಗ್ಗದಿದ್ರೆ ಮೈಸೂರಿನಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸಿಬಿಡಿ" ಎಂದರು. ಆ ಮಾತಿನಲ್ಲಿ ನೀನು ಮನೆಗೆ ತಂದದ್ದು ಮೊದಲ ಅರ್ಧ ಮಾತ್ರ. ಬೀದಿಯಲ್ಲಿ ಯಾರು ಕೇಳಿದರೂ ಅದೇ ಉತ್ತರ. "ಪಟ ತೆಗ್ದು ನೋಡುದ್ರು ಕಣವ್ವ. ಮೂಳೆ ಗಟ್ಟಿಯಾಗದಂತೆ. ಇದು ಬರೀ ಉಳುಕು." ಉಳುಕಾದರೆ ಮದ್ದು ಯಾವುದು ಎಂದು ಈ ಊರಿನಲ್ಲಿ ನಿನಗೆ ಯಾರು ಹೇಳಿಕೊಡಬೇಕು? ತನ್ನ ಬೆನ್ನನ್ನು ತಾನೇ ತುಳಿದುಕೊಳ್ಳಲು ಆಗುವುದಿಲ್ಲ, ಅಷ್ಟೇ ತೊಡಕು.

ನಿನ್ನ ಮಗಳು ಗೌರಿ ಬಾಗಿಲಿಗೆ ಬಂದು ನಿಂತದ್ದು ಆಮೇಲಿನ ಅಮಾವಾಸ್ಯೆ. ನರಸೀಪುರದ ಆಚೆ ಹೆಮ್ಮಿಗೆಗೆ ಕೊಟ್ಟ ಹೆಣ್ಣು, ಅವ್ವನ ನೋವು ಕೇಳಿ ಅಲ್ಲಿ ಮನೆಮನೆ ವಿಚಾರಿಸಿದ್ದಳು. ಅವಳ ಹಿಂದೆ ಒಬ್ಬ ದೈತ್ಯ. ಆಲೆಮನೆಯಲ್ಲಿ ಕಬ್ಬಿನ ಹೊರೆ ಎತ್ತುವ ಕೆಂಪಯ್ಯ. ಅವನೂ ಕಾಲು ಮುಂದಾಗಿ ಹುಟ್ಟಿದವನಂತೆ. ನಿನ್ನನ್ನು ನೋಡಿ ಅವನಿಗೆ ಹೆದರಿಕೆಯಾಯಿತು, ನಿನ್ನ ಹೆಸರು ಹೆಮ್ಮಿಗೆಯವರೆಗೂ ಹೋಗಿತ್ತಲ್ಲ.

"ನಿಮ್ಮ ಮೇಲೆ ನಾನ್ ಕಾಲಿಡದಾ ತಾಯಿ? ಬ್ಯಾಡ."

"ನಾನೇನ್ ದ್ಯಾವ್ರಾ? ಇಡ್ಲಾ. ಗುಬ್ಬಿ ಕೂತಂಗೆ ಕೂರ್ಬ್ಯಾಡ, ಗಟ್ಯಾಗಿ ಒತ್ತು."

ಅವನು ಗೋಡೆ ಹಿಡಿದು ಮೊದಲು ಮೆಲ್ಲಗೆ ಇಟ್ಟ. "ಅನ್ನ ತಿಂತೀಯೋ ಇಲ್ವೋ?" ಎಂದು ಬೈದೆ. ಎರಡನೆಯದು ಒತ್ತಿದ. ಮೂರನೆಯದಕ್ಕೆ ನೀನು ಏನೂ ಅನ್ನಲಿಲ್ಲ. ಜಗುಲಿಯ ಕಲ್ಲಿಗೆ ಹಣೆ ಹಚ್ಚಿದ್ದೆ, ಬೆರಳುಗಳು ಕಲ್ಲಿನ ಅಂಚನ್ನು ಹಿಡಿದು ಬೆಳ್ಳಗಾಗಿದ್ದವು. ಎದ್ದವಳು ಕಟ್ಟಳೆಯಂತೆ ತಿರುಗಿ ನೋಡದೆ, ಗೋಡೆ ಹಿಡಿದು, ಎಡಗಾಲು ಎಳೆದುಕೊಂಡು ಒಳಗೆ ಹೋದೆ. ನಾವೆಲ್ಲ ಅದನ್ನು ಮದ್ದು ಹಿಡಿದ ಗುರುತು ಎಂದುಕೊಂಡೆವು. ಗೌರಿ ಕೆಂಪಯ್ಯನಿಗೆ ಹೊಟ್ಟೆ ತುಂಬ ಊಟ ಬಡಿಸಿ, ಅವನ ಜೊತೆಗೇ ಬಸ್ಸು ಹತ್ತಿದಳು.

ಆಮೇಲೆ ಹುಣ್ಣಿಮೆ ಕಾಯುವ ಕೆಲಸ. ಮೈಸೂರಿಗೆ ಹೋಗೋಣ ಎಂದರೆ "ಕಟ್ಳೆ ಮುರೀಬ್ಯಾಡ ಕಣ್ಲಾ, ಜನಕ್ಕೆ ಏಳಿ ನಾನೇ ಮುರುದ್ರೆ ಎಂಗೆ?" ಎನ್ನುತ್ತಿದ್ದೆ. ಒಂದು ದಿನ ನಾನು ಬಂದಾಗ ನಿನ್ನ ಎಡಗಾಲಿನ ಚಪ್ಪಲಿ ಅಂಗಳದ ನಡುವೆ ಒಂಟಿಯಾಗಿ ಬಿದ್ದಿತ್ತು. ನೀನು ಬಾಗಿಲ ಹತ್ತಿರ ಬರಿಗಾಲಲ್ಲಿ ನಿಂತಿದ್ದೆ. "ಚಪ್ಪಲಿ ಬಿಟ್ಟು ಬಂದಿದ್ದೀಯಲ್ಲ" ಎಂದರೆ ಕೆಳಗೆ ನೋಡಿಕೊಂಡು, ಅದು ಕಳಚಿದ್ದು ಆಗಲೇ ಗೊತ್ತಾದವಳಂತೆ, "ಬಾರು ಸಡ್ಲ ಆಗದೆ" ಎಂದೆ. ಬಾರು ಗಟ್ಟಿಯಾಗಿಯೇ ಇತ್ತು ದೊಡ್ಡವ್ವ. ನೀನು ನೀರು ಕುಡಿಯುವುದನ್ನೇ ಬಿಟ್ಟಿದ್ದೆ. ಕಾಫಿ ಕೊಟ್ಟರೆ ಲೋಟ ಹಾಗೇ ಆರುತ್ತಿತ್ತು. ಹಗಲೆಲ್ಲ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ. ನೋವಿಗೆ ನಿನಗೆ ದೇವರ ಮೇಲೆ ಭಕ್ತಿ ಹೆಚ್ಚಾಗಿದೆ ಎಂದು ಅಕ್ಕಪಕ್ಕದವರು ಮಾತಾಡಿಕೊಂಡರು. ನೋವು ಹೇಗಿದೆ ಎಂದರೆ "ಕಮ್ಮಿ ಆಗದೆ" ಎನ್ನುತ್ತಿದ್ದೆ. ಅದೂ ಸುಳ್ಳಲ್ಲವಂತೆ. ಮರಗಟ್ಟಿದ ಜಾಗದಲ್ಲಿ ನೋವು ಕಮ್ಮಿಯೇ ಇರುತ್ತದಂತೆ.

ಹುಣ್ಣಿಮೆಯ ಮಾರನೆಯ ಬೆಳಗ್ಗೆ ನೀನು ಹಾಸಿಗೆಯಿಂದ ಏಳಲಿಲ್ಲ. ಎರಡು ಕಾಲೂ ಕೇಳಲಿಲ್ಲ. ಟೆಂಪೊದಲ್ಲಿ ಗೊನೆ ನಲುಗದಿರಲಿ ಎಂದು ಹಾಕುವ ಒಣ ಬಾಳೆ ಎಲೆಯನ್ನು ದಪ್ಪಗೆ ಹಾಸಿ, ಮೇಲೆ ಕಂಬಳಿ ಹಾಸಿ, ನಿನ್ನನ್ನು ನಾಲ್ಕು ಜನ ಎತ್ತಿ ಮಲಗಿಸಿದೆವು. ನೀನು ಮಡಿಚಿದ ಒಂದು ಹಳೆಯ ಗೋಣಿತಾಟನ್ನು ಹಟ ಮಾಡಿ ನಿನ್ನ ಕೆಳಗೆ ಹಾಕಿಸಿಕೊಂಡೆ. ಯಾಕೆ ಎಂದು ಕೇಳುವ ಬುದ್ಧಿ ಯಾರಿಗಿತ್ತು? ಗುಂಡಿ ಬಂದಾಗಲೆಲ್ಲ ನಾನು ಹಲ್ಲು ಕಚ್ಚುತ್ತಿದ್ದೆ, ಹಿಂದಿನಿಂದ ನಿನ್ನ ದನಿ. "ಏನ್ ರಸಬಾಳೆ ಸಾಗಿಸ್ತಿದ್ದೀಯಾ ಇಷ್ಟು ಮೆಲ್ಲುಗೆ? ಓಡ್ಸ್ಲಾ. ಈ ಗೊನೆ ಎಂಗಿದ್ರೂ ಕೊಳ್ತೋಗದೆ." ನಾನು ನಕ್ಕೆ. ನೀನೂ ನಕ್ಕೆ. ದಾರಿಯುದ್ದಕ್ಕೂ ನನಗಿದ್ದ ಚಿಂತೆ ಒಂದೇ, ನೀನು ಮತ್ತೆ ನಡೆಯುತ್ತೀಯಾ?

ಮೈಸೂರಿನ ಡಾಕ್ಟರು ಮೊದಲು ನಿನ್ನ ಕಾಲೆತ್ತಿ ನೋಡಿದರು, ಪಾದವನ್ನು ಮೇಲಕ್ಕೆ ಒತ್ತಲು ಹೇಳಿದರು. ಅದು ಬಾಡಿದ ಎಲೆಯಂತೆ ಜೋತುಬಿತ್ತು. ಕೂರುವ ಜಾಗದಲ್ಲಿ ಮುಟ್ಟಿದ್ದು ಗೊತ್ತಾಗುತ್ತಾ, ಮೂತ್ರ ಸರಿಯಾಗಿ ಹೋಗುತ್ತಾ ಎಂದು ಕೇಳಿದರು. ನೀನು ನನ್ನ ಮುಖ ನೋಡಿ, "ಎಲ್ಲಾ ಸರ್ಯಾಗದೆ ಸಾ" ಎಂದೆ. ಹೊರಳಿಸಿ ನೋಡುತ್ತೇವೆ ಎಂದರೆ ಸೀರೆ ಬಿಗಿ ಹಿಡಿದುಕೊಂಡೆ. ಅವರು ಹೆಚ್ಚು ಒತ್ತಾಯ ಮಾಡದೆ ಸ್ಕ್ಯಾನಿಗೆ ಕಳುಹಿಸಿದರು.

ಆ ತಣ್ಣನೆಯ ಕೋಣೆ ನಿನಗೆ ನೆನಪಿದೆಯಾ? ಮೆಷಿನ್ನು ನೋಡಿದವಳೇ "ಇದೇನ್ಲಾ, ಬಾವೀನ ತಂದು ಪಕ್ಕಕ್ಕೆ ಮನೀಸವ್ರೆ" ಎಂದೆ. ಸ್ಕ್ಯಾನು ಮಾಡುವವನು ನಕ್ಕ.

"ಸೊಂಟದಲ್ಲಿರೋದೆಲ್ಲ ತೆಗೀರಮ್ಮ. ಲೋಹ ಇದ್ರೆ ಪಟದಲ್ಲಿ ಗೆರೆ ಗೆರೆ ಬರುತ್ತೆ, ಬೇಕಾದ್ದು ಕಾಣಲ್ಲ."

"ಬೀಗದ ಕೈ ಕೊಡ್ತೀನಿ. ತಾಯ್ತ ಕೊಡಾಕಿಲ್ಲ. ನನ್ನ ಗಂಡ ಕಟ್ಟಿದ್ದು ಅದು."

"ನನ್ನ ಕೈಲೇ ಇರ್ತದೆ ಕೊಡು ದೊಡ್ಡವ್ವ" ಎಂದೆ ನಾನು.

"ಕಳ್ದ್ಯೋ, ಚರ್ಮ ಸುಲ್ದುಬುಡ್ತೀನಿ ನೋಡು."

ಬೆಳ್ಳಿಯ ಆ ಸಣ್ಣ ತಾಯಿತ ನಿನ್ನ ಮೈಯ ಬಿಸಿಯ ಸಮೇತ ನನ್ನ ಅಂಗೈಗೆ ಬಂತು. ಮಂಡಿಯ ಕೆಳಗೆ ದಿಂಬಿಟ್ಟು ನಿನ್ನನ್ನು ಮಲಗಿಸಿ, ನನ್ನನ್ನು ಹೊರಗೆ ಕಳುಹಿಸಿದರು. ಗಾಜಿನ ಆಚೆಯಿಂದ ನೋಡಿದೆ. ಹಲಗೆ ನಿನ್ನನ್ನು ಹೊತ್ತು ಬಾವಿಯೊಳಕ್ಕೆ ಸರಿಯಿತು, ಸ್ವಲ್ಪ ಸರಿದು ನಿಂತಿತು, ಮತ್ತೆ ಸರಿಯಿತು. ಹೊರಗೆ ಕಾಣುತ್ತಿದ್ದದ್ದು ನಿನ್ನ ಪಾದಗಳು ಮಾತ್ರ. ಆಚೆ ಬಂದ ಮೇಲೆ ನೀನು ಕೇಳಿದ ಮಾತು ನನಗೆ ಇಂದಿಗೂ ಬಿಡದು. "ಮುಟ್ನೇ ಇಲ್ವಲ್ಲೋ ಅದು. ಮುಟ್ದೆ ಅದೆಂಗ್ಲಾ ಗೊತ್ತಾದದು?" ಬದುಕೆಲ್ಲ ಮುಟ್ಟಿ ನೋಡಿದವಳು ನೀನು.

ಡಾಕ್ಟರು ಪಟವನ್ನು ಗೋಡೆಯ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದರು. ಬಾಳೆದಿಂಡನ್ನು ಪಲ್ಯಕ್ಕೆ ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿಟ್ಟ ಹಾಗೆ ಸಾಲಾಗಿ ನಿನ್ನ ಸೊಂಟದ ಬಿಲ್ಲೆಗಳು. "ಎಕ್ಸ್‌ರೇಲಿ ಮೂಳೆ ಮಾತ್ರ ಕಾಣುತ್ತೆ. ಎರಡು ಮೂಳೆ ನಡುವೆ ಮೆತ್ತೆ ಥರ ಒಂದಿರುತ್ತೆ, ಡಿಸ್ಕ್ ಅಂತೀವಿ. ಇದರಲ್ಲಿ ಅದು ಕಾಣುತ್ತೆ. ಈ ಮೇಲಿನ ಬಿಲ್ಲೆ ನೋಡಿ, ಮೂಳೆಯ ಹಿಂದೆ ಕಾಣ್ತಿದೆಯಲ್ಲ, ಅದು ಕಾಲಿನ ನರಗಳು ಇಳಿಯೋ ದಾರಿ. ಈಗ ಕೆಳಗಿಂದು ನೋಡಿ." ನೋಡಿದೆ. ಅಲ್ಲಿ ದಾರಿಯೇ ಇರಲಿಲ್ಲ. ಬೂದುಬಣ್ಣದ್ದೇನೋ ಬಂದು ಅಡ್ಡ ಕೂತಿತ್ತು, ಹೊಳೆಯ ಬಾಯಿಗೆ ಹೂಳು ತುಂಬಿದ ಹಾಗೆ. "ಡಿಸ್ಕ್ ಒಡೆದು ಒಳಗಿನದು ಹಿಂದಕ್ಕೆ ನುಗ್ಗಿದೆ. ಪೂರ್ತಿ ಕಟ್ಟಿದೆ" ಎಂದು ನಿನ್ನ ಕಡೆ ತಿರುಗಿದರು. "ಅಮ್ಮಾ, ಇಷ್ಟು ಒತ್ತಿರೋವಾಗ ಮೂತ್ರ ಸರಿಯಾಗಿ ಹೋಗೋಕೆ ಸಾಧ್ಯವಿಲ್ಲ. ನಿಜ ಹೇಳಿ."

ನೀನು ಮತ್ತೆ ನನ್ನ ಮುಖ ನೋಡಿದೆ. ಆಗ ಡಾಕ್ಟರಿಗೆ ಅರ್ಥವಾಯಿತು. "ನೀವು ಸ್ವಲ್ಪ ಹೊರಗಿರಿ" ಎಂದರು. ನಾನು ತಾಯಿತ ಹಿಡಿದುಕೊಂಡು ಬಾಗಿಲಾಚೆ ನಿಂತೆ. ಬಹಳ ಹೊತ್ತಿನ ಮೇಲೆ ನರ್ಸಮ್ಮ ಬಂದು, ದನಿ ತಗ್ಗಿಸಿ, "ತುಳಿಸಿಕೊಂಡ ದಿನದಿಂದ ಮೂತ್ರ ಕಟ್ಟಿದೆಯಂತೆ ಕಣಪ್ಪ. ತುಂಬಿ ತುಂಬಿ ತಾನೇ ಸೋರ್ತಿದೆ, ಅದೂ ಅವರಿಗೆ ಗೊತ್ತಾಗ್ತಿಲ್ಲ. ನಿಮ್ಮ ಮುಂದೆ ಹೆಂಗೆ ಹೇಳ್ಲಿ ಅಂತಾರೆ" ಎಂದಳು. ನೀರು ಬಿಟ್ಟದ್ದು, ಗೋಣಿತಾಟು, ಸಾಂಬ್ರಾಣಿ, ಎಲ್ಲಕ್ಕೂ ಆ ಬಾಗಿಲಲ್ಲಿ ನಿಂತೇ ಉತ್ತರ ಸಿಕ್ಕಿತು. ನನ್ನ ಮೂಗು ಸೀಟಿದವಳು, ನನ್ನ ಕುಂಡೆ ತೊಳೆದವಳು ನೀನು. ನನ್ನ ಮುಂದೆ ನಿನಗೆ ಯಾವ ನಾಚಿಕೆ ದೊಡ್ಡವ್ವ? ಇಲ್ಲ, ಹಾಗೆ ಕೇಳುವುದೂ ಸರಿಯಲ್ಲವೇನೋ. ಗಂಡಸರ ನಡುವೆ ಒಬ್ಬಂಟಿಯಾಗಿ ಮಲಗಿದ್ದವಳು ನೀನು. ಗೌರಿ ಜೊತೆಗಿದ್ದಿದ್ದರೆ...

ತುಳಿದದ್ದರಿಂದಲೇ ಹೀಗಾಯಿತೇ ಎಂದು ನಾನು ಡಾಕ್ಟರನ್ನು ಕೇಳಿದೆ. "ತುಳಿದದ್ದು ಒಳ್ಳೇದಂತೂ ಮಾಡಿಲ್ಲ. ಅದಿಲ್ಲದೆಯೂ ಒಡೀತಿತ್ತೋ ಏನೋ, ಹೇಳೋಕಾಗಲ್ಲ. ಆದರೆ ಮೂತ್ರ ಕಟ್ಟಿದ ದಿನವೇ ಬಂದಿದ್ರೆ..." ಎಂದು ಪಟವನ್ನು ಪೆಟ್ಟಿಗೆಯಿಂದ ಕಿತ್ತರು. ತಡಮಾಡದೆ ಆಪರೇಷನ್ ಮಾಡಿ ಒಡೆದು ನುಗ್ಗಿದ್ದನ್ನು ತೆಗೆದರು. ಎಚ್ಚರಾದ ಮೇಲೆ ನೀನು ಮೊದಲು ಆಡಿದ ಮಾತು, "ನೋವು ಓಯ್ತು ಕಣ್ಲಾ ಮಾದೇವ." ಹೊದಿಕೆಯ ಮೇಲಿಂದ ತೊಡೆ ಮುಟ್ಟಿ ನೋಡಿಕೊಂಡು, "ಕಾಲೂ ಅದ್ರ ಜೊತೇಲೇ ಓದಂಗದೆ" ಎಂದೆ. ಬೆರಳು ಒಮ್ಮೆ ಅಲುಗಿತು ಎಂದು, ಸುದ್ದಿ ಕೇಳಿ ಓಡಿ ಬಂದಿದ್ದ ಗೌರಿ ವಾರ್ಡಿನಲ್ಲೆಲ್ಲ ಹೇಳಿಕೊಂಡು ಬಂದಳು. ಅಲುಗಿತ್ತೋ, ಅವಳ ಕಣ್ಣೀರಿಗೆ ಹಾಗೆ ಕಂಡಿತೋ. ಆಮೇಲೆ ಅಲುಗಲಿಲ್ಲ.

ಮನೆಗೆ ಬಂದ ಮೇಲಿನ ದಿನಗಳನ್ನು ನಿನಗೆ ನೆನಪಿಸಬೇಕೋ ಬೇಡವೋ. ಮೂತ್ರದ ಪೈಪು, ಮಂಚಕ್ಕೆ ಕಟ್ಟಿದ ಚೀಲ, ಮಗ್ಗುಲು ಹೊರಳಿಸಲು ಗೌರಿ ಮತ್ತು ನನ್ನ ಹೆಂಡತಿ ರತ್ನ. ಒಂದನ್ನು ಮಾತ್ರ ಹೇಳಿಯೇ ತೀರಬೇಕು. ಒಂದು ಅಮಾವಾಸ್ಯೆ ಬೆಳಗ್ಗೆ ಚಿಕ್ಕಯ್ಯನಛತ್ರದ ಆ ಶೆಟ್ಟರು ಬಂದು ಬಾಗಿಲಲ್ಲಿ ನಿಂತರು, ಕೈ ಸೊಂಟದ ಮೇಲಿತ್ತು.

"ತುಳೀಬ್ಯಾಡಿ ಕಣವ್ವ. ಸುಮ್ಕೆ ಆ ಕಾಲು ಒಂದ್ಸಲ ತಗಲ್ಸ್ಕಂಡು ಓಯ್ತೀನಿ."

ನನಗೆ ಎಲ್ಲಿಲ್ಲದ ಕೋಪ ಬಂತು. "ಕಣ್ಣು ಕಾಣಾಕಿಲ್ವಾ ಶೆಟ್ರೆ, ಅವ್ವ ಎಂಗವ್ಳೆ ಅಂತ?" ಎಂದು ರೇಗಿದೆ. ನೀನು ಸೂರಿನ ಹೆಂಚು ನೋಡುತ್ತ, "ಬರ್ಲಿ ಬುಡ್ಲಾ" ಎಂದೆ. ಅವರು ಮಂಚಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು, ಕೈಗಳನ್ನು ಹಿಂದಕ್ಕೆ ಚಾಚಿ, ನಿನ್ನ ಎಡಗಾಲನ್ನು ಮೆಲ್ಲಗೆ ಎತ್ತಿಕೊಂಡು ತಮ್ಮ ಸೊಂಟಕ್ಕೆ ಒತ್ತಿಕೊಂಡರು. ಒಂದು ಸಲ, ಎರಡು ಸಲ, ಮೂರು ಸಲ. ನೀನು ಇನ್ನೂ ಹೆಂಚು ನೋಡುತ್ತಲೇ ಇದ್ದೆ.

"ಇಟ್ಟಾಯ್ತಾ?" ಎಂದು ನೀನು ಕೇಳಿದೆ.

ನಿನ್ನ ಕಾಲು ಅವರ ಬೆನ್ನಿನ ಮೇಲೇ ಇತ್ತು, ದೊಡ್ಡವ್ವ.

"ಇಟ್ಟಾಯ್ತು ಕಣವ್ವ."

"ಎದ್ದೋಗಿ. ತಿರುಗ್ ನೋಡ್ಬ್ಯಾಡಿ."

ಶೆಟ್ಟರು ತಿರುಗಿ ನೋಡದೆ ಹೋದರು. ಅವರ ನೋವು ವಾಸಿಯಾಯಿತೆಂದು ಆಮೇಲೆ ಬಿಳಿಗೆರೆ ಸಂತೆಯಲ್ಲಿ ಸಿಕ್ಕಿ ಹೇಳಿದರು.

ಮಳೆಗಾಲ ಮುಗಿಯುವ ಹೊತ್ತಿಗೆ, ಮಲಗಿ ಮಲಗಿ ಆದ ಬೆನ್ನಿನ ಹುಣ್ಣು ಮೂಳೆ ಮುಟ್ಟಿತು, ಚಳಿಜ್ವರ ಬಿಡದಾಯಿತು. ಜ್ವರ ಇಳಿದ ಒಂದು ಮಧ್ಯಾಹ್ನ ನನ್ನನ್ನೂ ಗೌರಿಯನ್ನೂ ಕೂರಿಸಿಕೊಂಡು, "ಇದ್ನ ಕೆಂಪಯ್ಯನ ಮೇಲೆ ಆಕ್ಬ್ಯಾಡಿ. ನಾನ್ ಗಟ್ಯಾಗ್ ಒತ್ತು ಅಂದೆ, ಅವ ಒತ್ದ. ಅವ್ನ ಕಾಲ್ದೇನ್ ತಪ್ಪಿಲ್ಲ" ಎಂದೆ. ಆಮೇಲೆ ಹೆಚ್ಚು ದಿನ ಉಳಿಯಲಿಲ್ಲ. ಗೌರಿ ನಿನ್ನ ತಲೆ ಬಾಚುತ್ತಿದ್ದಳು, ಸಿಕ್ಕು ಬಿಡಿಸುವಾಗ ನೀನು ಬೈಯಲಿಲ್ಲವಲ್ಲ ಎಂದು ಬಗ್ಗಿ ನೋಡಿದಳು. ನೀನು ತಿರುಗಿ ನೋಡದೆ ಹೊರಟುಹೋಗಿದ್ದೆ. ಮಣ್ಣಿಗೆ ಕೆಂಪಯ್ಯ ಬಂದಿದ್ದ. ಹತ್ತಿರ ಬರಲಿಲ್ಲ, ಹುಣಸೆಮರದ ಹಿಂದೆ ನಿಂತಿದ್ದ. ಎಲ್ಲರೂ ಹೋದ ಮೇಲೆ ಒಂದು ಹಿಡಿ ಮಣ್ಣು ಹಾಕಿ, ನೀನು ಅಂದದ್ದನ್ನು ನಾನು ಹೇಳಿದಾಗ ಕೂತುಬಿಟ್ಟ. ಅಂದಿನಿಂದ ಅವನು ಯಾರ ಬೆನ್ನ ಮೇಲೂ ಕಾಲಿಟ್ಟಿಲ್ಲ.

ಇನ್ನು ನಿನಗೆ ತಿಳಿಯದ ಸುದ್ದಿ. ನೀನಿಲ್ಲದಿದ್ದರೂ ಅಮಾವಾಸ್ಯೆಗೆ ಜನ ಬರುವುದು ಒಮ್ಮೆಲೇ ನಿಲ್ಲಲಿಲ್ಲ. ಖಾಲಿ ಜಗುಲಿಯ ಮೇಲೆ ಮಲಗಿ ಎದ್ದು ಹೋಗುವವರೂ ಇದ್ದರು. ಅವರನ್ನು ಆಸ್ಪತ್ರೆಗೆ ಒಯ್ಯಲೆಂದು ನಾನು ಟೆಂಪೊವನ್ನು ಜಗುಲಿಗೆ ತಾಗಿಸಿ ನಿಲ್ಲಿಸಿದೆ. ನೋವು ಕಾಲಿಗೆ ಇಳಿಯುತ್ತದಾ, ಬೆರಳು ಜುಮ್ಮೆನ್ನುತ್ತದಾ, ಮೂತ್ರ ಹೋಗುವುದು ಗೊತ್ತಾಗುತ್ತದಾ ಎಂದು ಕೇಳತೊಡಗಿದೆ. ಮೊದಲು ಕೇಳಿಸಿಕೊಂಡವಳು ಬಿಳಿಗೆರೆಯ ಒಬ್ಬ ಹೆಂಗಸು. "ಯಾವ್ ಬಾಯಲ್ಲಿ ಕೇಳ್ದ್ಯೋ ಮೂದೇವಿ?" ಎಂದು ಪೊರಕೆ ಎತ್ತಿದಳು. ಈಗ ಹೆಂಗಸರನ್ನು ರತ್ನ ಅಡುಗೆಮನೆಗೆ ಕರೆದುಕೊಂಡು ಹೋಗಿ ಕೇಳುತ್ತಾಳೆ. ಪೊರಕೆ ಎತ್ತಿದ ಅವಳೇ ಆಮೇಲೊಂದು ದಿನ ಕಾಲು ಮರಗಟ್ಟಿ, ಮೂತ್ರ ಕಟ್ಟಿ ಬಂದಳು. ಆ ಗಳಿಗೆಯೇ ಮೈಸೂರಿಗೆ ಓಡಿಸಿದೆ. ಅದೇ ಬಾವಿಯಂಥ ಮೆಷಿನ್ನು, ಅದೇ ಹೂಳಿನ ಪಟ. ಅವಳು ಈಗ ನಡೆಯುತ್ತಾಳೆ ದೊಡ್ಡವ್ವ, ನಾಟಿಗೆ ಹೋಗುವುದಿಲ್ಲ ಅಷ್ಟೇ. ಎಲ್ಲರನ್ನೂ ಕೊಯ್ಯುವುದಿಲ್ಲ. ಬಹಳ ಜನಕ್ಕೆ ಮಾತ್ರೆ, ಹಗುರ ಕೆಲಸ, ಡಾಕ್ಟರು ಹೇಳಿಕೊಟ್ಟ ವ್ಯಾಯಾಮದಲ್ಲೇ ಕಳೆಯುತ್ತದೆ. ನನ್ನದೂ ಒಂದು ಪಟ ಇದೆ, ಡಿಸ್ಕ್ ಸ್ವಲ್ಪ ಉಬ್ಬಿದೆಯಂತೆ. ಗೊನೆ ಹೊರುವುದನ್ನು ಬಿಟ್ಟಿದ್ದೇನೆ.

ಗೌರಿಗೆ ಎರಡನೆಯದು ಹೆಣ್ಣು. ನರಸೀಪುರದಲ್ಲಿ ಹೊಟ್ಟೆಯ ಸ್ಕ್ಯಾನು ಮಾಡಿದವರು ಮಗು ಕಾಲು ಕೆಳಗೆ ಮಾಡಿಕೊಂಡಿದೆ ಎಂದು ಮೈಸೂರಿಗೆ ಕಳುಹಿಸಿದರು. ಕೊಯ್ದು ತೆಗೆದರು. ಹಾಗೆ ತೆಗೆಯುವಾಗಲೂ ಕಾಲೇ ಮೊದಲು ಬಂತಂತೆ! ಸುದ್ದಿ ನಮಗಿಂತ ಮೊದಲು ಹೆಮ್ಮಿಗೆ ಮುಟ್ಟಿತ್ತು. ಬಾಣಂತಿಯನ್ನು ನನ್ನ ಟೆಂಪೊದಲ್ಲಿ ಅವಳ ಮನೆಗೆ ಕರೆತಂದದ್ದೇ ತಡ, ಪಕ್ಕದ ಮನೆಯ ಮುದುಕ ಮುದುಕಿ ಸೊಂಟ ಹಿಡಿದುಕೊಂಡು ಬಾಗಿಲಿಗೆ ಬಂದರು.

"ಕೊಯ್ದು ತಗ್ದಿದ್ದು ಲೆಕ್ಕುಕ್ಕೆ ಬತ್ತದಾ?" ಎಂದು ಮುದುಕನಿಗೆ ಅನುಮಾನ.

"ಕಾಲ್ ಮುಂದಾಯ್ತೋ ಇಲ್ವೋ? ಬಾಗ್ಲಾದ್ರೇನು ಕಿಟ್ಕಿಯಾದ್ರೇನು, ನೀನ್ ಸುಮ್ಕಿರು" ಎಂದಳು ಮುದುಕಿ.

ಜಗುಲಿಯಲ್ಲಿ ಕೂತಿದ್ದ ಕೆಂಪಯ್ಯ ಎದ್ದು ಬಾಗಿಲಿಗೆ ಅಡ್ಡ ನಿಂತ. ಒಳಗಿನಿಂದ ಗೌರಿ ಮಗುವಿನ ಎರಡೂ ಪಾದಗಳನ್ನು ಒಂದೇ ಅಂಗೈಯಲ್ಲಿ ಮುಚ್ಚಿಕೊಂಡು ಹೇಳಿದಳು. "ಈ ಕಾಲು ಅವ್ಳು ನಡ್ಯಕ್ಕೆ ಕಣಜ್ಜಿ. ಇನ್ನೇನುಕ್ಕೂ ಅಲ್ಲ." ಆಸ್ಪತ್ರೆಗೆ ಹೋಗೋಣ ಬನ್ನಿ ಎಂದು ನಾನು ಟೆಂಪೊದ ಬಾಗಿಲು ತೆಗೆದೆ. ಇಬ್ಬರೂ ಗೊಣಗುತ್ತ ಹತ್ತಿದರು.

ಮಗುವಿಗೆ ಏನೋ ಹೊಸ ಕಾಲದ ಹೆಸರಿಟ್ಟಿದ್ದಾರೆ, ಮನೆಯಲ್ಲಿ ಕರೆಯುವುದು ಮಾತ್ರ ನಿನ್ನ ಹೆಸರು, ನಿಂಗವ್ವ. ಗೌರಿ ಮೊನ್ನೆ ಮಗಳನ್ನು ಕರೆದುಕೊಂಡು ನಿನ್ನ ಮನೆಗೆ ಬಂದಿದ್ದಳು. ಟೆಂಪೊ ಓಡಿಸಿ ಸೊಂಟ ನೋಯುತ್ತಿತ್ತೆಂದು ನಾನು ನಿನ್ನ ಜಗುಲಿಯ ಮೇಲೆ, ತಣ್ಣನೆಯ ಆ ಕಲ್ಲಿಗೆ ಕೆನ್ನೆ ಕೊಟ್ಟು ಬೋರಲು ಮಲಗಿದ್ದೆ. ಮಗಳು ಗೋಡೆ ಹಿಡಿದು ನಿಲ್ಲುತ್ತಾಳೆ, ಇನ್ನೂ ಹೆಜ್ಜೆ ಕಿತ್ತಿಲ್ಲ ಎಂದು ಗೌರಿ ಒಳಗೆ ರತ್ನನಿಗೆ ಹೇಳುತ್ತಿದ್ದಳು. ಅಷ್ಟರಲ್ಲಿ ನನ್ನ ಬೆನ್ನ ಮೇಲೆ ಏನೋ ತಣ್ಣಗೆ ಒದ್ದೆಯಾಗಿ ತಗಲಿತು. ಪುಟ್ಟ ನಿಂಗವ್ವ ಹೊರಗೆ ಚೆಲ್ಲಿದ ನೀರಿನಲ್ಲಿ ಆಡಿ, ಅಂಬೆಗಾಲಿಕ್ಕಿಕೊಂಡು ಬಂದಿದ್ದಳು. ಗೋಡೆ ಹಿಡಿದು ಒಂದು ಹೆಜ್ಜೆ ಇಟ್ಟಳು. ಆಮೇಲೆ ಗೋಡೆ ಬಿಟ್ಟಳು. ನನ್ನ ಬೆನ್ನಿನುದ್ದಕ್ಕೂ ತಾನೇ ನಡೆದು, ಆಚೆ ಬದಿಗೆ ಇಳಿದಳು.

ಕಟ್ಟಳೆಯ ಪ್ರಕಾರ ನಾನು ಎದ್ದು ನೆಟ್ಟಗೆ ನಡೆದು ಹೋಗಬೇಕಿತ್ತು. ಉಪಕಾರ ಎನ್ನಬಾರದಿತ್ತು.

ನಾನು ತಿರುಗಿ ನೋಡಿದೆ, ದೊಡ್ಡವ್ವ. ನಿನ್ನ ನಿಂಗವ್ವ ನಿಂತಿದ್ದಳು, ಯಾವುದನ್ನೂ ಹಿಡಿದುಕೊಳ್ಳದೆ.

ನಿನ್ನ
ಮಾದೇವ